ಚಿರ್ತಪ್ಪನ ವಿಳಾಸ

ಕಂಬದಪಾಳ್ಯ, ಕುಣಿಗಲ್ ತಾಲ್ಲೂಕು
12 ನವೆಂಬರ್ 2024

ಪ್ರೀತಿಯ ಚಿರ್ತಪ್ಪನಿಗೆ,

ನನ್ನ ಹೆಸರು ಸುಶ್ಮಿತಾ ಕೆ. ನಾಲ್ಕನೇ ಕ್ಲಾಸು. ನಿನ್ನ ಮೂರನೇ ಪುಸ್ತಕವನ್ನು ಅಮ್ಮ ಕುಣಿಗಲ್ ಬಸ್‌ಸ್ಟ್ಯಾಂಡ್ ಅಂಗಡಿಯಲ್ಲಿ ಕೊಡಿಸಿದಳು. ನೀನು ಚಿರತೆಯಾಗಿದ್ದೂ ಪಂಚೆ ಉಟ್ಟುಕೊಂಡು ತುಮಕೂರಿನ ಶಿರಾ ಗೇಟಿಗೆ ಬಂದು ಬನ್ನು ಕೇಳುವುದು, ಲಾರಿ ಹಾರ್ನಿಗೆ ಹೆದರಿ ಲೈಟ್ ಕಂಬ ಹತ್ತುವುದು ಓದಿ ತುಂಬಾ ನಕ್ಕೆ. ಹನ್ನೊಂದು ಸಲ ಓದಿದ್ದೇನೆ. ಹಿಂದಿನ ರಟ್ಟಿನಲ್ಲಿ ‘ಚಿರ್ತಪ್ಪನಿಗೆ ಕಾಗದ ಬರೆಯಿರಿ, ಚಿತ್ರ ಬರೆದು ಕಳಿಸಿ, ಚೆನ್ನಾಗಿದ್ದರೆ ಮುಂದಿನ ಪುಸ್ತಕದಲ್ಲಿ ಹಾಕುತ್ತೇವೆ’ ಅಂತ ಇತ್ತು. ಅದಕ್ಕೆ ಚಿತ್ರ ಕಳಿಸಿದ್ದೇನೆ. ಬಾಲ ಸರಿಯಾಗಿ ಬಂದಿಲ್ಲ.

ಅಮ್ಮ ಗುಬ್ಬಿಯಲ್ಲಿ ಹುಡುಗಿಯರ ಹಾಸ್ಟೆಲ್ ವಾರ್ಡನ್. ಹದಿನೈದು ದಿನಕ್ಕೊಂದು ಸಲ ಬರುತ್ತಾಳೆ. ಅಪ್ಪ ಲಾರಿ ಓಡಿಸುತ್ತಾರೆ, ಯಾವಾಗ ಬರುತ್ತಾರೆ ಗೊತ್ತಿಲ್ಲ. ನಾನು ಅಜ್ಜಿ ಜೊತೆ ಇರುತ್ತೇನೆ.

ಈಗ ಒಂದು ಮುಖ್ಯವಾದ ವಿಷಯ. ನಮ್ಮೂರಿಗೆ ಚಿರತೆ ಬಂದಿದೆ. ಪಕ್ಕದ ಮನೆಯ ನಾಯಿ ಹೋಯಿತು. ಸರಪಳಿ ಮಾತ್ರ ಇತ್ತು. ಆರು ಗಂಟೆಗೇ ಎಲ್ಲರೂ ಬಾಗಿಲು ಹಾಕಿಕೊಳ್ಳುತ್ತಾರೆ. ಮೇಷ್ಟ್ರು ನಮ್ಮನ್ನು ಸಾಲಾಗಿ ಮನೆಗೆ ಬಿಟ್ಟು ಬರುತ್ತಾರೆ. ನಾನು ಬಚ್ಚಲಿಗೆ ಹೋದರೂ ಅಜ್ಜಿ ದೊಣ್ಣೆ ಹಿಡಿದು ನಿಂತಿರುತ್ತಾಳೆ. ನನಗೂ ಭಯ ಆಗುತ್ತೆ. ಹೊಟ್ಟೆಯ ಒಳಗೆ ಐಸ್ ಇಟ್ಟ ಹಾಗೆ. ಅದನ್ನು ಯಾರಿಗೂ ಹೇಳಿಲ್ಲ.

ಆಮೇಲೆ ಒಂದು ಯೋಚನೆ ಬಂತು. ನಮ್ಮೂರಿಗೆ ಬಂದಿರುವುದು ನೀನೇನಾ? ನೀನೇ ಆದರೆ ನಾನು ಹೆದರಬೇಕಾಗಿಲ್ಲ. ಹೌದು ಅಥವಾ ಇಲ್ಲ ಅಂತ ಬರಿ.

ಇಂತಿ ನಿನ್ನ ಗೆಳತಿ,
ಸುಶ್ಮಿತಾ ಕೆ.

•

ಶೆಟ್ಟಿಹಳ್ಳಿ, ತುಮಕೂರು
18 ನವೆಂಬರ್ 2024

ಮುದ್ದು ಸುಶ್ಮಿತಾಗೆ,

ಗರ್ರ್! ಸಿಕ್ಕಿಬಿದ್ದೆನಲ್ಲ! ಹೌದು ಕಣೇ, ನಾನೇ. ಶಿರಾ ಗೇಟಿನ ಹಾರ್ನು ಕೇಳಿ ಕೇಳಿ ಕಿವಿ ತೂತಾಯಿತು, ಅದಕ್ಕೆ ನಾಲ್ಕು ದಿನ ನಿಮ್ಮ ಕಡೆ ರಜಾ ಹಾಕಿ ಬಂದಿದ್ದೇನೆ. ಯಾರಿಗೂ ಹೇಳಬೇಡ.

ನಾನು ಮಕ್ಕಳಿಗೆ ಏನೂ ಮಾಡುವುದಿಲ್ಲ. ನಾಯಿಯ ವಿಷಯ ನನಗೆ ಗೊತ್ತಿಲ್ಲ, ಅದು ಮಾವನ ಮನೆಗೆ ಹೋಗಿರಬೇಕು. ನನ್ನನ್ನು ಕಂಡರೆ ಹೆದರಬೇಡ, ಕೈ ಬೀಸು. ಒಂದು ಬನ್ನು ಇಟ್ಟರಂತೂ ಬಾಲ ಅಲ್ಲಾಡಿಸಿಕೊಂಡು ತಿನ್ನುತ್ತೇನೆ.

ನೀನು ಬರೆದ ಚಿತ್ರ ನನ್ನ ಫೋಟೋಗಿಂತ ಚೆನ್ನಾಗಿದೆ. ನಾಲ್ಕನೇ ಪುಸ್ತಕದಲ್ಲಿ ಖಂಡಿತ ಬರುತ್ತದೆ. ಇನ್ನೂ ಬರಿ.

ನಿನ್ನ,
ಚಿರ್ತಪ್ಪ
(ಪಂಜದ ಗುರುತು)

•

ಕಂಬದಪಾಳ್ಯ
26 ನವೆಂಬರ್ 2024, ಮಂಗಳವಾರ

ಪ್ರೀತಿಯ ಚಿರ್ತಪ್ಪ,

ನಿನ್ನ ಕಾಗದ ಬಂತು. ಪೋಸ್ಟಣ್ಣ ಅಜ್ಜಿಯ ಕೈಗೆ ಕೊಟ್ಟ. ಅಜ್ಜಿಗೆ ಓದಲು ಬರುವುದಿಲ್ಲ. ‘ಯಾರ್ದೇ ಅದು’ ಅಂದಳು. ಸ್ಕೂಲಿಂದು ಅಂದೆ. ನೀನು ಹೇಳಿದ ಹಾಗೆ ಯಾರಿಗೂ ಹೇಳಿಲ್ಲ.

ಭಾನುವಾರ ಕೆರೆ ಏರಿಯ ಲಾಂಟಾನ ಪೊದೆ ಹತ್ತಿರ ಬನ್ನು ಇಟ್ಟೆ. ಸೋಮವಾರ ನೋಡಿದರೆ ಇರಲಿಲ್ಲ! ಥ್ಯಾಂಕ್ಸ್.

ಇದನ್ನು ಬೇಗ ಓದು. ಫಾರೆಸ್ಟ್‌ನವರು ಬಂದು ಬೋನು ಇಟ್ಟಿದ್ದಾರೆ. ಚಿಕ್ಕಬೋರಯ್ಯ ತಾತನ ತೆಂಗಿನ ತೋಟದ ಕೊನೆಯಲ್ಲಿ, ಏರಿಗೆ ಹತ್ತಿರ. ಮೇಲೆ ಸೋಗೆ ಮುಚ್ಚಿದ್ದಾರೆ, ನಿನಗೆ ಕಾಣಿಸುವುದಿಲ್ಲ. ಒಳಗೆ ಒಂದು ನಾಯಿ ಕಟ್ಟಿದ್ದಾರೆ. ಅದರ ಒಳಗೆ ಹೋಗಬೇಡ. ಹೋದರೆ ಬಾಗಿಲು ಬೀಳುತ್ತೆ. ಕಾಗದ ನಿನಗೆ ಸಿಗುತ್ತೋ ಇಲ್ಲವೋ ಅಂತ ನಾನೇ ಬಂದು ಹೇಳುತ್ತೇನೆ. ಈ ಶನಿವಾರ ಅರ್ಧ ದಿನ ಸ್ಕೂಲು. ಸಾಯಂಕಾಲ ಪಕ್ಕದ ಮನೆಗೆ ಟೀವಿ ನೋಡಲು ಹೋಗುತ್ತೇನೆ ಅಂತ ಹೇಳಿ ಪೊದೆ ಹತ್ತಿರ ಬರುತ್ತೇನೆ. ಹೊಸ ಚಿತ್ರ ತರುತ್ತೇನೆ, ಬಾಲ ಈಗ ಸರಿಯಾಗಿದೆ. ನಾನೇ ಅಂತ ಗೊತ್ತಾಗಲು ನೀಲಿ ಸ್ವೆಟರ್ ಹಾಕಿಕೊಂಡಿರುತ್ತೇನೆ.

ಈಗ ನನಗೆ ಭಯ ಸ್ವಲ್ಪವೂ ಇಲ್ಲ.

ನಿನ್ನ,
ಸುಶ್ಮಿತಾ ಕೆ.

•

ಶೆಟ್ಟಿಹಳ್ಳಿ, ತುಮಕೂರು
1 ಡಿಸೆಂಬರ್ 2024, ಭಾನುವಾರ

ಶ್ರೀಮತಿ ಕಾವ್ಯ ಅವರಿಗೆ,

ನಿಮ್ಮ ವಿಳಾಸ ಕೊಟ್ಟವರು ನಿಮ್ಮ ತಾಯಿ ನರಸಿಂಹಮ್ಮನವರು. ನಿನ್ನೆ ಅವರು ಫೋನಿನಲ್ಲಿ ‘ಮಗೀಗೆ ಜ್ವರ, ಹೊಂಟ್ ಬಾ’ ಎಂದಷ್ಟೇ ಹೇಳಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ. ನಡೆದದ್ದೆಲ್ಲ ನಿಮಗೆ ಗೊತ್ತಾಗಬೇಕು. ಫೋನಿನಲ್ಲಿ ಹೇಳಿದರೆ ನನಗೆ ಅನುಕೂಲವಾಗುವಂತೆ ಎಲ್ಲಿ ತಿರುಗಿಸಿಬಿಡುತ್ತೇನೋ ಎಂಬ ಹೆದರಿಕೆಯಿಂದ ಬರೆಯುತ್ತಿದ್ದೇನೆ.

ನನ್ನ ಹೆಸರು ಭಾನುಪ್ರಿಯಾ. ಶಿರಾ ಗೇಟಿನ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸ. ಹಗಲೆಲ್ಲ ಮದುವೆ ಕಾಗದ, ಗೃಹಪ್ರವೇಶದ ಕಾಗದ. ಮಿಕ್ಕ ಹೊತ್ತಿನಲ್ಲಿ ಚಿರ್ತಪ್ಪನ ಪುಸ್ತಕ. ನಾನೇ ಬರೆದು, ನಾನೇ ಜೆರಾಕ್ಸ್ ಮಾಡಿ, ಮಡಿಸಿ, ಪಿನ್ ಹೊಡೆದು ಅಂಗಡಿಗಳಿಗೆ ಹಂಚುತ್ತೇನೆ. ನೀವು ಕುಣಿಗಲ್‌ನಲ್ಲಿ ಕೊಡಿಸಿದ ಪುಸ್ತಕ ಅದೇ. ನಿಮ್ಮ ಮಗಳು ಚಿರ್ತಪ್ಪನಿಗೆ ಕಾಗದ ಬರೆದು, ‘ನಮ್ಮೂರಿಗೆ ಬಂದಿರುವುದು ನೀನೇನಾ’ ಎಂದು ಕೇಳಿದ್ದಳು. ನಾನು ಹೌದು ಎಂದು ಬರೆದೆ. ಕಂಡರೆ ಕೈ ಬೀಸು ಎಂದೂ ಬರೆದೆ. ಅವಳ ಎರಡೂ ಕಾಗದಗಳ ವಿಷಯವನ್ನು ಮುಚ್ಚಿಡುವುದಿಲ್ಲ. ಎಲ್ಲದರ ನಕಲು ಇದರ ಜೊತೆಗಿದೆ, ನನ್ನ ಉತ್ತರವೂ ಸೇರಿ.

ಎರಡನೆಯ ಕಾಗದ ನನ್ನ ಕೈಗೆ ಬಂದದ್ದು ನಿನ್ನೆ ಮಧ್ಯಾಹ್ನ ಎರಡು ಗಂಟೆಗೆ. ‘ಈ ಶನಿವಾರ’ ಎಂಬ ಮಾತು ಓದಿದಾಗ ಅದು ಇವತ್ತೇ ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಶಾಲೆಯ ನಂಬರು ಹುಡುಕಿದೆ. ಯಾರೂ ಎತ್ತಲಿಲ್ಲ, ಬಾಗಿಲು ಹಾಕಿತ್ತು. ಅರಣ್ಯ ಇಲಾಖೆಗೆ ಫೋನು ಮಾಡಿದೆ, ಹೊರಡುತ್ತೇವೆ ಎಂದರು. ಊಟದ ತಟ್ಟೆ ಹಾಗೇ ಬಿಟ್ಟು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬಿಸಿಲನ್ನೇ ನೋಡುತ್ತಿದ್ದೆ. ಕುಣಿಗಲ್‌ನಲ್ಲಿ ಆಟೋದವನು ‘ಆ ಕಡೆ ಚಿರ್ತೆ ಐತೆ ಮೇಡಂ, ಬರಕ್ಕಿಲ್ಲ’ ಎಂದ. ಎರಡನೆಯವನು ಊರ ಬಾಗಿಲಿಗೆ ಬಿಟ್ಟು ಹಾಗೇ ತಿರುಗಿಸಿಕೊಂಡು ಹೋದ. ಆಗ ಐದೂಕಾಲು.

ನಿಮ್ಮ ತಾಯಿ ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು.

“ಸುಶ್ಮಿತಾ ಎಲ್ಲಿ?” ಅಂದೆ.

“ಪಕ್ಕದ್ಮನ್ಯಾಗೆ ಟೀವಿ ನೋಡ್ತಾವ್ಳೆ. ಯಾರವ್ವಾ ನೀನು?”

ಪಕ್ಕದ ಮನೆಗೆ ಬೀಗ ಹಾಕಿತ್ತು. ಅದನ್ನು ನೋಡಿ ನಿಮ್ಮ ತಾಯಿ ಕೂತಲ್ಲಿಂದ ಎದ್ದ ರೀತಿ ನನ್ನ ಕಣ್ಣಿನಿಂದ ಹೋಗುತ್ತಿಲ್ಲ. ಬೀದಿಯಲ್ಲಿ ಬರುತ್ತಿದ್ದ ಚಿಕ್ಕಬೋರಯ್ಯನವರನ್ನು ಕೂಗಿದೆವು. ಮೂವರೂ ತೋಟದ ಕಡೆ ನಡೆದೆವು. ಓಡಲು ಹೋದೆ, ಚಿಕ್ಕಬೋರಯ್ಯ ನನ್ನ ರಟ್ಟೆ ಹಿಡಿದರು. “ಓಡ್ಬ್ಯಾಡ ಕಣವ್ವ. ಓಡಿದ್ರೆ ಅದ್ಕೆ ಆಟ.” ಬೋನಿನ ಹತ್ತಿರ ಬಂದಾಗ ಅವರೇ ನಿಂತುಬಿಟ್ಟರು. “ನಾಯಿ ಬೊಗುಳ್ತಾ ಇಲ್ಲ” ಎಂದರು, ಉಸಿರಿನಷ್ಟು ಮೆಲ್ಲಗೆ. ನಾಯಿ ಬೋನಿನ ಮೂಲೆಯಲ್ಲಿ ಮೈಯೆಲ್ಲ ಒಂದು ಮುದ್ದೆ ಮಾಡಿಕೊಂಡು ಕೂತಿತ್ತು.

ಸುಶ್ಮಿತಾ ಬೋನಿನಿಂದ ಇಪ್ಪತ್ತು ಹೆಜ್ಜೆ ಆಚೆ ನಮಗೆ ಬೆನ್ನು ಮಾಡಿ ನಿಂತಿದ್ದಳು. ನೀಲಿ ಸ್ವೆಟರು. ಕೈಯಲ್ಲಿ ಚಿತ್ರದ ಹಾಳೆ. ಎದುರಿಗೆ ಏರಿಯ ಇಳಿಜಾರು, ಪೊದೆ, ಪೊದೆಯ ಬುಡದಲ್ಲಿ ಅದು. ತಲೆ ಮತ್ತು ಮುಂಗಾಲು ಮಾತ್ರ ಕಾಣುತ್ತಿದ್ದವು.

ಕಾವ್ಯ ಅವರೇ, ಮೂರು ವರ್ಷದಿಂದ ನಾನು ಚಿರತೆ ಬರೆಯುತ್ತಿದ್ದೇನೆ. ಒಂದು ದಿನವೂ ಚಿರತೆ ನೋಡಿರಲಿಲ್ಲ. ನನ್ನ ಚಿರ್ತಪ್ಪನಿಗೆ ಹುಬ್ಬುಗಳಿವೆ, ಅವನ್ನು ಏರಿಸಿದರೆ ಆಶ್ಚರ್ಯ, ಇಳಿಸಿದರೆ ಸಿಟ್ಟು. ಇದಕ್ಕೆ ಹುಬ್ಬಿರಲಿಲ್ಲ. ಅದರ ಮುಖದಲ್ಲಿ ಓದಿಕೊಳ್ಳಲು ನನಗೆ ಏನೂ ಇರಲಿಲ್ಲ.

“ಸುಸ್ಮೀ, ಬಾ ಮಗಾ” ಎಂದು ನಿಮ್ಮ ತಾಯಿ ಕರೆದರು.

“ಸುಮ್ನಿರಜ್ಜೀ, ಅವ್ನು ಹೆದರ್ಕೊಂತಾನೆ” ಎಂದಳು ನಿಮ್ಮ ಮಗಳು, ತಿರುಗದೆ. ಕೈ ಎತ್ತಿ ಬೀಸಿದಳು. ಒಂದು ಹೆಜ್ಜೆ ಮುಂದೆ ಇಟ್ಟಳು.

ಅದರ ಹೆಗಲು ನೆಲಕ್ಕೆ ಇಳಿಯಿತು. “ಕುಗ್ತಾ ಐತೆ” ಎಂದರು ಚಿಕ್ಕಬೋರಯ್ಯ. “ಮಗೀನ ಹಿಂದಕ್ ಕರೀರಿ. ಕೂಗ್ಬ್ಯಾಡಿ.”

ಹೇಗೋ ಹೇಳಿದೆ: “ಸುಶ್ಮಿತಾ, ಅದು ಚಿರ್ತಪ್ಪ ಅಲ್ಲ. ಚಿರ್ತಪ್ಪ ನಾನು. ನಿಂಗೆ ಕಾಗದ ಬರ್ದಿದ್ದು ನಾನು.”

“ಸುಳ್ಳು.”

“ಹೊಟ್ಟೆ ಒಳಗೆ ಐಸ್ ಇಟ್ಟ ಹಾಗೆ ಆಗುತ್ತೆ ಅಂತ ನೀನು ಬರ್ದಿದ್ದೆ. ಯಾರಿಗೂ ಹೇಳಿಲ್ಲ ಅಂತಾನೂ ಬರ್ದಿದ್ದೆ.”

ಆಗ ತಿರುಗಿದಳು. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಚೂಡಿದಾರ, ಹೆಗಲಿನ ಬ್ಯಾಗು, ಕನ್ನಡಕ. ಅವಳು ನಂಬಿದ್ದು ನನಗೆ ಕಂಡಿತು. ಮತ್ತೆ ಪೊದೆಯ ಕಡೆ ನೋಡಿದಳು.

“ಹಂಗಾದ್ರೆ ಅದ್ಯಾರು?” ಎಂದಳು.

ನಿಂತಲ್ಲೇ ಒದ್ದೆ ಮಾಡಿಕೊಂಡಳು, ಹಾಳೆ ಕೈಯಿಂದ ಬಿತ್ತು. ಚಿಕ್ಕಬೋರಯ್ಯ ಹೆಗಲ ಮೇಲಿನ ಟವಲನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಅಗಲಕ್ಕೆ ಹಿಡಿದು, ನೋಡಿಕೊಂಡೇ ಒಂದೊಂದು ಹೆಜ್ಜೆ ಮುಂದೆ ಹೋಗಿ ಅವಳಿಗೂ ಅದಕ್ಕೂ ನಡುವೆ ನಿಂತರು. ನಾನು ಹೋಗಿ ಅವಳನ್ನು ಹಿಂದಿನಿಂದ ತಬ್ಬಿ ಎತ್ತಿಕೊಂಡೆ. ಬೆನ್ನು ತೋರಿಸದೆ ಹಿಂದಕ್ಕೆ ಹಿಂದಕ್ಕೆ ನಡೆದೆವು. ಅದು ಎದ್ದು ನಿಂತಿತು. ಎದ್ದಾಗಲೇ ಎಷ್ಟು ದೊಡ್ಡದು ಎಂದು ಗೊತ್ತಾಗಿದ್ದು. ಸ್ವಲ್ಪ ಹೊತ್ತು ನೋಡಿ, ಪೊದೆಯೊಳಗೆ ಹೋಯಿತು. ಒಂದು ಎಲೆಯೂ ಸದ್ದು ಮಾಡಲಿಲ್ಲ. ಆಮೇಲೆ ಬೋನಿನ ನಾಯಿ ಬೊಗಳಲು ಶುರು ಮಾಡಿತು. ಇಲಾಖೆಯ ಜೀಪು ಬಂದಾಗಲೂ ಅದು ನಿಲ್ಲಿಸಿರಲಿಲ್ಲ.

ಸುಶ್ಮಿತಾ ನನ್ನ ಜೊತೆ ಮಾತಾಡಲಿಲ್ಲ. ಕೊನೆಯ ಬಸ್ಸಿಗೆ ಬಂದೆ.

ಕ್ಷಮಿಸಿ ಎಂದು ಕೇಳುವ ಧೈರ್ಯ ನನಗಿಲ್ಲ. ನಡೆದದ್ದು ಇಷ್ಟು.

ಇಂತಿ,
ಭಾನುಪ್ರಿಯಾ

•

ಗುಬ್ಬಿ
9 ಡಿಸೆಂಬರ್ 2024

ಭಾನುಪ್ರಿಯಾ ಅವರಿಗೆ,

ನಿಮ್ಮ ಕಾಗದ ಓದಿ ನಾಲ್ಕು ದಿನವಾಯಿತು. ಮೊದಲ ಸಲ ಅರ್ಧಕ್ಕೆ ಬಿಟ್ಟೆ. ಹಾಸ್ಟೆಲ್ ಹುಡುಗಿಯರು ಮೇಡಂಗೆ ಏನಾಯಿತು ಎಂದು ಬಾಗಿಲಲ್ಲಿ ನಿಂತಿದ್ದರು.

ಮಗಳನ್ನು ಇಲ್ಲಿಗೇ ಕರೆತಂದಿದ್ದೇನೆ. ವಾರ್ಡನ್ ರೂಮಿನಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ, ಎಷ್ಟು ದಿನ ಬಿಡುತ್ತಾರೋ ಗೊತ್ತಿಲ್ಲ. ಜ್ವರ ಇಳಿದಿದೆ. ಆದರೆ ಸಂಜೆಯಾದರೆ ಕಿಟಕಿಯ ಚಿಲಕ ಮುಟ್ಟಿ ಮುಟ್ಟಿ ನೋಡುತ್ತಾಳೆ. ಮೊನ್ನೆ ಕಾಂಪೌಂಡಿನಲ್ಲಿ ಬೆಕ್ಕು ಕಂಡು ಮೆಟ್ಟಿಲಿನಿಂದ ಬಿದ್ದಳು. “ಅಮ್ಮ, ಅದು ನನ್ನ ಬನ್ ತಿಂದಿದ್ಯಾಕೆ ಮತ್ತೆ?” ಎಂದು ಕೇಳುತ್ತಾಳೆ. ಇಲಿಯೋ ಇರುವೆಯೋ ತಿಂದಿರುತ್ತೆ ಎಂದರೆ ನಂಬುವುದಿಲ್ಲ. ಈಗ ಯಾರು ಏನು ಹೇಳಿದರೂ ನಂಬುವುದಿಲ್ಲ. ಟೀಚರ್ ಹೇಳಿದ್ದನ್ನೂ “ನಿಜಾನಾ?” ಎಂದು ನನ್ನನ್ನು ಕೇಳುತ್ತಾಳೆ.

ಆ ಪುಸ್ತಕ ಕೊಡಿಸಿದವಳು ನಾನೇ. ಬಸ್ಸು ಬರುವುದಕ್ಕೆ ಐದು ನಿಮಿಷವಿತ್ತು, ಅಳುತ್ತಿದ್ದಳು, ಸುಮ್ಮನಿರಲಿ ಎಂದು ಕೊಡಿಸಿದೆ. ಅದನ್ನು ನೆನೆಸಿಕೊಂಡಾಗಲೆಲ್ಲ ನಿಮ್ಮನ್ನು ಬೈಯುವುದು ನನಗೆ ಸುಲಭವಾಗುತ್ತದೆ.

ಒಂದು ಮಾತು ಕೇಳುತ್ತೇನೆ. ‘ಹೌದು, ನಾನೇ’ ಎಂದು ಬರೆಯುವಾಗ ನೀವು ನಗುತ್ತಿದ್ದಿರಾ?

ಇನ್ನೊಂದು. ಇಂಥ ಪುಸ್ತಕಗಳು ಇನ್ನೆಷ್ಟು ಹೊರಗಿವೆ? ಇನ್ನೆಷ್ಟು ಮಕ್ಕಳಿಗೆ ಹೌದು ಎಂದು ಬರೆದಿದ್ದೀರಿ? ಗುಬ್ಬಿ ಕಡೆಯೂ ಚಿರತೆ ಓಡಾಡುತ್ತಿದೆ. ನನ್ನ ಹಾಸ್ಟೆಲಿನ ಹುಡುಗಿಯರ ಊರುಗಳಲ್ಲೆಲ್ಲ ಇದೇ ಸುದ್ದಿ.

ಅವಳಿಗೆ ನೇರವಾಗಿ ಕಾಗದ ಬರೆಯಬೇಡಿ.

ಇಂತಿ,
ಕಾವ್ಯ

•

ತುಮಕೂರು
22 ಡಿಸೆಂಬರ್ 2024

ಕಾವ್ಯ ಅವರಿಗೆ,

ಹೌದು. ನಗುತ್ತಿದ್ದೆ.

ಮೂರನೇ ಪುಸ್ತಕ ಮುನ್ನೂರು ಪ್ರತಿ ಮಾಡಿದ್ದೆ. ಈ ಎರಡು ವಾರ ರಜೆ ಹಾಕಿ ತುಮಕೂರು, ಕುಣಿಗಲ್, ಗುಬ್ಬಿಯ ಅಂಗಡಿಗಳನ್ನೆಲ್ಲ ಸುತ್ತಿದೆ. ಎಂಬತ್ತನಾಲ್ಕು ಸಿಕ್ಕಿವೆ. ಗುಬ್ಬಿ ಸಂತೆ ಬೀದಿಯ ಪುಸ್ತಕದಂಗಡಿಯ ಚನ್ನವೀರಯ್ಯನವರು, “ಬೊಂಬೆ ಪುಸ್ತಕಕ್ಕೆ ಇಷ್ಟ್ಯಾಕವ್ವ ತಲೆ ಕೆಡಿಸ್ಕೊಂತೀಯ, ಇನ್ನೂ ಹತ್ತು ಕೊಡು, ಹೋಗ್ತವೆ” ಎಂದು ನಕ್ಕರು. ನಡೆದದ್ದು ಹೇಳಿದೆ. ಒಳಗಿನಿಂದ ಉಳಿದ ಪ್ರತಿ ತಂದು ಕೊಟ್ಟರು. ಉಳಿದ ಇನ್ನೂರಕ್ಕೂ ಹೆಚ್ಚು ಪುಸ್ತಕ ಯಾರ ಮನೆಯಲ್ಲಿವೆಯೋ ನನಗೆ ಗೊತ್ತಿಲ್ಲ.

ಸುಶ್ಮಿತಾ ಅಲ್ಲದೆ ಇನ್ನೂ ಹತ್ತೊಂಬತ್ತು ಮಕ್ಕಳಿಗೆ ಚಿರ್ತಪ್ಪನ ಹೆಸರಿನಲ್ಲಿ ಉತ್ತರ ಬರೆದಿದ್ದೆ. ಅವರೆಲ್ಲರ ಅಪ್ಪ ಅಮ್ಮಂದಿರಿಗೆ ನಿಜ ಬರೆದು ರಿಜಿಸ್ಟರ್ ಪೋಸ್ಟ್ ಮಾಡಿದ್ದೇನೆ. ಕಾಗದ ತಲುಪಿತು ಎಂಬ ಹದಿನಾಲ್ಕು ರಸೀದಿ ವಾಪಸ್ ಬಂದಿವೆ. ಮಿಕ್ಕ ಐದರ ದಾರಿ ಕಾಯುತ್ತಾ ಕೂತಿದ್ದೇನೆ. ಬಾಗಿಲ ಕೆಳಗೆ ಕಾಗದ ಜಾರಿದ ಸದ್ದಾದರೆ ಎದ್ದು ಹೋಗಿ ಯಾರ ಅಕ್ಷರ ಎಂದು ನೋಡುತ್ತೇನೆ. ಮಕ್ಕಳ ಅಕ್ಷರ ಕಂಡರೆ ಒಡೆಯಲು ಕೈ ಬರುವುದಿಲ್ಲ. ಮೊದಲು ಆ ಕಾಗದಗಳಿಗಾಗಿಯೇ ಪುಸ್ತಕ ಮಾಡುತ್ತಿದ್ದೆ.

ಸುಶ್ಮಿತಾಗೆ ಬರೆಯುವುದಿಲ್ಲ.

ಇಂತಿ,
ಭಾನುಪ್ರಿಯಾ

•

ಗುಬ್ಬಿ
13 ಜನವರಿ 2025

ಭಾನುಪ್ರಿಯಾ ಆಂಟಿಗೆ,

ಬರಿ ಅಂತ ಅಮ್ಮ ಹೇಳಿಲ್ಲ. ನಾನೇ ಕೇಳಿದೆ. ಮೂರು ಸಲ ಕೇಳಿದ ಮೇಲೆ ಸರಿ ಅಂದಳು.

ಕ್ರಿಸ್‌ಮಸ್ ರಜೆಯಲ್ಲಿ ಊರಿಗೆ ಹೋಗಿದ್ದೆವು. 28ನೇ ತಾರೀಖು ಅದು ಬೋನಿಗೆ ಬಿತ್ತು. ಎಲ್ಲರೂ ನೋಡಲು ಹೋದರು. ನಾನು ಹೋಗಲ್ಲ ಅಂದೆ. ಆಮೇಲೆ ಅಮ್ಮನ ಸೆರಗು ಹಿಡಿದುಕೊಂಡು ಹೋದೆ. ಕಂಬಿ ಕಚ್ಚಿ ಕಚ್ಚಿ ಅದರ ಬಾಯಲ್ಲಿ ರಕ್ತ ಬಂದಿತ್ತು. ಜನ ಫೋನ್ ಹಿಡಿದು ಕೂಗುತ್ತಿದ್ದರು. ಅದು ಮೂಲೆಗೆ ಹೋಗಿ ನಡುಗುತ್ತಿತ್ತು. ಚಿಕ್ಕಬೋರಯ್ಯ ತಾತ ‘ಇದೇ ಅಲ್ವೇನವ್ವಾ’ ಅಂದರು. ನನಗೆ ಗೊತ್ತಾಗಲಿಲ್ಲ. ಲಾರಿಯಲ್ಲಿ ದೂರದ ಕಾಡಿಗೆ ತಗೊಂಡು ಹೋದರು. ಇನ್ನೂ ಎರಡು ಇದಾವೆ ಅಂತ ಹೇಳುತ್ತಾರೆ.

ನನಗೆ ಇನ್ನೂ ಭಯ ಆಗುತ್ತೆ. ಅಮ್ಮ ಭಯ ಇಲ್ಲ ಅನ್ನುತ್ತಾಳೆ, ಆದರೆ ಚಿಲಕ ಅವಳೂ ನೋಡುತ್ತಾಳೆ. ನಿಮಗೆ ಭಯ ಆಗುತ್ತಾ? ಈ ಸಲ ನಿಜ ಬರೆಯಿರಿ.

ಒಂದು ಚಿತ್ರ ಇಟ್ಟಿದ್ದೇನೆ. ಇದು ಬೋನಿನ ಒಳಗಿರುವುದು. ಪಂಚೆ ಹಾಕಿಲ್ಲ. ಪುಸ್ತಕದಲ್ಲಿ ಹಾಕುವುದು ಬೇಡ.

ಇಂತಿ,
ಸುಶ್ಮಿತಾ ಕೆ.

•

ತುಮಕೂರು
17 ಜನವರಿ 2025

ಸುಶ್ಮಿತಾಗೆ (ಅಮ್ಮ ಮೊದಲು ಓದಲಿ),

ಆಗುತ್ತದೆ. ಪ್ರತಿದಿನ. ಬಸ್ಸಿನಲ್ಲಿ ಕೂತಿದ್ದಾಗ, ಟೀ ಕುಡಿಯುವಾಗ ಕೂಡ. ನೀನು ಇಟ್ಟ ಆ ಒಂದು ಹೆಜ್ಜೆ ಕಾಣುತ್ತದೆ.

ನಿನ್ನ ಚಿತ್ರ ನನ್ನ ಮೇಜಿನ ಮೇಲಿದೆ. ಎಲ್ಲಿಯೂ ಹಾಕುವುದಿಲ್ಲ.

ಭಾನುಪ್ರಿಯಾ

•

ಗುಬ್ಬಿ ತಾಲ್ಲೂಕು
4 ಫೆಬ್ರವರಿ 2025

ಹಲೋ ಚಿರ್ತಪ್ಪ,

ನಾನು ಶಿಲ್ಪಾ, ಮೂರನೇ ಕ್ಲಾಸು. ನಿನ್ನ ಪುಸ್ತಕ ನನಗೆ ನನ್ನ ಅತ್ತೆ ಮಗಳು ಕೊಟ್ಟಳು. ನೀನು ನಮ್ಮೂರಿಗೆ ಬಂದಿದೀಯ ಅಂತ ನನಗೆ ಗೊತ್ತು. ನಮ್ಮ ಮೇಕೆ ಮರಿ ಕಟ್ಟುವ ಕಡೆ ನಿನ್ನ ಕಾಲಿನ ಗುರುತು ನೋಡಿದೆ. ಸಂಜೆ ಬಂದರೆ ನನ್ನನ್ನು ಕರಿ. ನಮ್ಮ ಮನೆಗೆ ಹಸಿರು ಬಾಗಿಲು.

ಶಿಲ್ಪಾ ಆರ್.

•

ತುಮಕೂರು
8 ಫೆಬ್ರವರಿ 2025

ಕಾವ್ಯ ಅವರಿಗೆ,

ಶಿಲ್ಪಾ ಎಂಬ ಮಗುವಿನ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ನಿನ್ನೆ ಬಂತು. ತಕ್ಷಣ ಹೊರಟೆ. ಅಂಚೆ ಮುದ್ರೆಯಲ್ಲಿ ಊರಿನ ಹೆಸರಿತ್ತು, ಕೇಳಿಕೊಂಡು ಹೋದೆ, ಮನೆ ಸಿಕ್ಕಿತು, ಹಸಿರು ಬಾಗಿಲು. ಮಗು ಕ್ಷೇಮವಾಗಿದೆ. ಅವಳ ಅಪ್ಪ ಅಮ್ಮನಿಗೆ ಎಲ್ಲ ಹೇಳಿದೆ, ಅರಣ್ಯ ಇಲಾಖೆಯವರು ಬಂದು ಹೆಜ್ಜೆ ನೋಡಿ ಹೋದರು. ಹೆಜ್ಜೆ ನಿಜವಾದದ್ದೇ.

ಆದರೆ ಮಗು ನನ್ನನ್ನು ನಂಬಲಿಲ್ಲ. ಮಂಚದ ಕೆಳಗೆ ಹೋಗಿ ಕೂತು, “ನೀನು ಚಿರ್ತಪ್ಪನ್ನ ಹಿಡ್ಕೊಡಾಕೆ ಬಂದಿದೀಯ” ಎಂದಳು. ಅವಳ ಅಮ್ಮ ಎರಡೇಟು ಹಾಕಿದರು. ಹೊಡೆದರೆ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ ಎಂದು ನನಗೆ ಹೆದರಿಕೆ. ಎಷ್ಟು ದಿನ ಕಟ್ಟಿ ಹಾಕಿಕೊಂಡಿರುತ್ತಾರೆ?

ಕೇಳಬಾರದ್ದನ್ನು ಕೇಳುತ್ತಿದ್ದೇನೆ. ಸುಶ್ಮಿತಾ ಆ ಮಗುವಿಗೆ ಎರಡು ಸಾಲು ಬರೆಯುತ್ತಾಳೆಯೇ? ಆ ದಿನವನ್ನು ಮತ್ತೆ ನೆನೆಸಿಕೊಳ್ಳುವುದು ಅವಳಿಗೆ ಬೇಡ ಎಂದು ನಿಮಗೆ ಅನ್ನಿಸಿದರೆ ಅವಳಿಗೆ ಹೇಳಲೇಬೇಡಿ. ನಾನು ಇನ್ನೊಂದು ದಾರಿ ನೋಡುತ್ತೇನೆ.

ಇಂತಿ,
ಭಾನುಪ್ರಿಯಾ

•

ಗುಬ್ಬಿ
10 ಫೆಬ್ರವರಿ 2025

ಶಿಲ್ಪಾಗೆ,

ನಾನು ಸುಶ್ಮಿತಾ, ನಾಲ್ಕನೇ ಕ್ಲಾಸು. ಈ ಕಾಗದ ನಾನೇ ಬರೆಯುತ್ತಿದ್ದೇನೆ, ಯಾರೂ ಹೇಳಿಕೊಡುತ್ತಿಲ್ಲ. ಅಮ್ಮ ಪಕ್ಕದಲ್ಲಿ ಕೂತಿದ್ದಾಳೆ ಅಷ್ಟೇ. ನಾಳೆ ಬೆಳಿಗ್ಗೆ ಅವಳೇ ಇದನ್ನು ನಿಮ್ಮ ಮನೆಗೆ ತಂದು ನಿನ್ನ ಕೈಗೆ ಕೊಡುತ್ತಾಳೆ.

ನಿಮ್ಮ ಮನೆಗೆ ಬಂದಿದ್ದ ಕನ್ನಡಕದ ಆಂಟಿ ಪುಸ್ತಕ ಬರೆಯುವವರು. ನನಗೂ ಒಂದು ಸಲ ಸುಳ್ಳು ಬರೆದಿದ್ದರು. ಈಗ ಹೇಳಿದ್ದು ಸುಳ್ಳಲ್ಲ.

ನಾನು ಕೂಡ ಸಂಜೆ ಒಬ್ಬಳೇ ಹೋಗಿದ್ದೆ. ಅದು ಬಂದಿತ್ತು. ನನಗೂ ಅದಕ್ಕೂ ನಿಮ್ಮ ಸ್ಕೂಲಿನ ಕ್ಲಾಸ್‌ರೂಮಿನಷ್ಟು ದೂರ ಇತ್ತು. ಅದು ಮಾತಾಡಲಿಲ್ಲ. ನಗಲಿಲ್ಲ. ನಾನು ತಂದಿದ್ದ ಚಿತ್ರ ನೋಡಲಿಲ್ಲ. ಕೆಟ್ಟದ್ದೂ ಅಲ್ಲ ಅನ್ನಿಸುತ್ತೆ, ಅದಕ್ಕೆ ಹಸಿವಾಗಿತ್ತು ಅಂತ ಚಿಕ್ಕಬೋರಯ್ಯ ತಾತ ಹೇಳಿದರು. ನೀನು ಬಾಗಿಲು ತೆಗೆಯಬೇಡ. ಕರೆದ ಹಾಗೆ ಕೇಳಿಸಿದರೂ ತೆಗೆಯಬೇಡ.

ನಿನಗೆ ನನ್ನ ಮೇಲೆ ಸಿಟ್ಟು ಬರಬಹುದು. ನನಗೂ ಬಂದಿತ್ತು.

ಅದು ನನ್ನನ್ನು ತುಂಬಾ ಹೊತ್ತು ನೋಡಿತು ಶಿಲ್ಪಾ. ಅದಕ್ಕೆ ನನ್ನ ಹೆಸರು ಗೊತ್ತಿರಲಿಲ್ಲ.

ಇಂತಿ,
ಸುಶ್ಮಿತಾ ಕೆ.